ಹುಲಗೆಮ್ಮನ ಪುಸ್ತಕಗಳು ಗುಡಿಗೆ ಹೋದದ್ದು

ರಾಯಚೂರು ಜಿಲ್ಲೆಯ ಅರ್ಧದಷ್ಟು ಪುರಾಣಗಳು ನಮ್ಮಪ್ಪ ನಬೀಸಾಬರ ಗೋಂದಿನ ಮೇಲೆ ನಿಂತಿವೆ ಎಂದರೆ ಜನ ನಗುತ್ತಾರೆ. ನಗಲಿ ಬಿಡಿ. ಸ್ಟೇಶನ್ ರಸ್ತೆಗೆ ತಾಗಿದ ಗಲ್ಲಿಯಲ್ಲಿ ನಮ್ಮ ಬೈಂಡಿಂಗ್ ಅಂಗಡಿ. ಶ್ರಾವಣ ಹತ್ತಿರವಾಯಿತೆಂದರೆ ಹಳ್ಳಿಹಳ್ಳಿಯ ಗುಡಿಗಳಿಂದ ಹರಿದ ಗ್ರಂಥಗಳು ನಮ್ಮಲ್ಲಿಗೆ ಬರುತ್ತವೆ. ಅಪ್ಪ ಹೊಲಿಗೆ ಹಾಕುತ್ತಾರೆ, ನಾನು ರಟ್ಟಿಗೆ ಕೆಂಪು ಬಟ್ಟೆ ಅಂಟಿಸಿ ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತುತ್ತೇನೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಗೆಳತಿ ಹುಲಗೆಮ್ಮನ ಬಾಳಿನಲ್ಲಿ ಆದ ರಾದ್ಧಾಂತದಲ್ಲಿ ಆ ಕೆಂಪು ಬಟ್ಟೆಯ ಪಾಲೂ ಇದೆ.

ಹುಲಗೆಮ್ಮ ದೇವದುರ್ಗದ ಕಡೆಯವಳು. ಅವಳ ಅವ್ವ ಅಪ್ಪ ಇಬ್ಬರೂ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಸಂತೆಯಲ್ಲಿ ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವನ್ನು ಭಜಿಗಿಂತ ಮೊದಲು ಕಸಿದುಕೊಳ್ಳುತ್ತಿದ್ದ ಹುಡುಗಿ ಅವಳು. ಎಣ್ಣೆ ಕುಡಿದ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ವಾದಿಸುತ್ತಿದ್ದಳಂತೆ. ರಾಯಚೂರಿನ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಪರೀಕ್ಷೆಗೆ ಬೇಕಾದಷ್ಟನ್ನೇ ಓದುವವಳು. ಅವಳು ಪರೀಕ್ಷೆಗೆ ಬೇಕಾದದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಓದುವವಳು. ಫಲಿತಾಂಶದ ದಿನ ಇಬ್ಬರೂ ಕಷ್ಟಪಟ್ಟು ಪಾಸಾದೆವು. ಆಮೇಲೆ ಅವಳು ಟ್ರ್ಯಾಕ್ಟರ್ ಮೆಕ್ಯಾನಿಕ್ ದುರುಗೇಶನನ್ನು ಮದುವೆಯಾಗಿ ಮಾನ್ವಿ ತಾಲೂಕಿಗೆ ಹೋದಳು. ಚೀಕಲಪರ್ವಿ ದಾಟಿ ಇನ್ನೊಂದಿಷ್ಟು ಹೋದರೆ ಹೊಳೆದಂಡೆಯಲ್ಲಿ ಆ ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಶ್ರಾವಣಕ್ಕೆ ಅವರ ಪುರಾಣಗಳು ಬೇರೆ ಬೈಂಡರ್ ಹತ್ತಿರ ಹೋಗುತ್ತವೆ.

ಆ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಹುಲಗೆಮ್ಮನೇ ಮೇಲ್ವಿಚಾರಕಿ. ಗ್ರಂಥಾಲಯ ಅಂದರೆ ಒಂದು ಕೋಣೆ, ಎರಡು ಕಪಾಟು, ನಾಲ್ಕಾರು ಕುರ್ಚಿ, ಒಂದು ಫ್ಯಾನು. ಜನ ಬರುತ್ತಿದ್ದರು, ಇಲ್ಲವೆನ್ನುವಂತಿಲ್ಲ. ಕೆಲವರು ಪೇಪರಿಗೆ, ಕೆಲವರು ಮೊಬೈಲ್ ಚಾರ್ಜಿಗೆ, ಹೆಚ್ಚಿನವರು ಆ ಫ್ಯಾನಿಗೆ. ಪುಸ್ತಕಕ್ಕೆಂದು ಬಂದವರು ಬಹಳ ಕಡಿಮೆ. ಇದ್ದ ಪುಸ್ತಕಗಳನ್ನೆಲ್ಲ ಹುಲಗೆಮ್ಮ ಒಬ್ಬಳೇ ಓದಿ ಮುಗಿಸಿ, ಮತ್ತೆ ಮೊದಲಿಂದ ಶುರುಮಾಡಿದ್ದಳು.

ಆಗ ರಾಯಚೂರಿನ ಅಕ್ಕಿ ಗಿರಣಿಯ ಕೊಟ್ರೇಶ ನಮ್ಮ ಅಂಗಡಿಗೆ ಬಂದರು. ಅವರ ತೀರಿಹೋದ ತಂದೆಯ ಹುಟ್ಟೂರು ಅದೇ ಹೊಳೆದಂಡೆಯ ಊರು. ತಂದೆಯ ನೆನಪಿಗೆ ಅಲ್ಲಿನ ಗ್ರಂಥಾಲಯಕ್ಕೆ ಪುಸ್ತಕ ಕೊಡಬೇಕೆಂದು ಅವರ ಆಸೆ. ಅಂಥಿಂಥ ಪುಸ್ತಕವಲ್ಲ, ಜಗತ್ತಿನ ಚರಿತ್ರೆಯ ದಿಕ್ಕನ್ನೇ ಬದಲಿಸಿದ ಪುಸ್ತಕಗಳು! ಪರಿಚಯದ ಮೇಷ್ಟ್ರೊಬ್ಬರಿಂದ ಹತ್ತು ಹೆಸರು ಬರೆಸಿ, ಪ್ರತಿಯೊಂದರ ಕಥೆಯನ್ನೂ ಸರಳ ಕನ್ನಡದಲ್ಲಿ ಹೇಳಿಸಿ, ಅಚ್ಚು ಹಾಕಿಸಿ ತಂದಿದ್ದರು. ಭೂಮಿ ಸುತ್ತುತ್ತದೆ ಎಂದ ಪುಸ್ತಕ, ಮನುಷ್ಯ ಎಲ್ಲಿಂದ ಬಂದ ಎಂದು ಕೇಳಿದ ಪುಸ್ತಕ, ದುಡಿಯುವವನಿಗೆ ಯಾಕೆ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದ ಪುಸ್ತಕ, ಹೆಣ್ಣಿಗೂ ಬುದ್ಧಿ ಇದೆ ಎಂದು ಜಗಳಕ್ಕೆ ನಿಂತ ಪುಸ್ತಕ, ಹೀಗೆ. ಇಷ್ಟೇ ಹೇಳುತ್ತೇನೆ. ಪೂರ್ತಿ ಪಟ್ಟಿ ಹೇಳಿದರೆ ನಿಮ್ಮ ಪಟ್ಟಿ ಬೇರೆ ಇರುತ್ತದೆ, ವಾದ ಶುರುವಾಗುತ್ತದೆ. ನಮ್ಮ ಅಂಗಡಿಯಲ್ಲೇ ಆಯಿತು. ಚಹಾ ಕುಡಿಯಲು ಬಂದವರೆಲ್ಲ ಒಂದೊಂದು ಹೆಸರು ಸೇರಿಸಲು ನೋಡಿದರು. ಕೊನೆಗೆ ಅಪ್ಪ ಸೂಜಿಗೆ ದಾರ ಪೋಣಿಸುತ್ತ ಅಂದರು:

"ಮೇಷ್ಟ್ರಿಗಿ ಏನ ಕೇಳ್ತೀರಿ? ಯಾವ ಪುಸ್ತಕ ಓದಿ ಓದಿ ಹರದು, ಮತ್ತ ಹೊಲಿಗಿ ಹಾಕಸಾಕ ಬರ್ತದೋ ಅದು ಜಗತ್ತು ಬದ್ಲಿ ಮಾಡೇದ ಅಂತ ತಿಳೀರಿ."

ಕೊಟ್ರೇಶರಿಗೆ ಈ ಮಾತು ರುಚಿಸಲಿಲ್ಲ. ಅವರಿಗೆ ಹರಿಯದ ಬೈಂಡಿಂಗ್ ಬೇಕಿತ್ತು. "ನಮ್ಮಪ್ಪ ಊರಿಗಿ ಪುರಾಣ ಕೊಡಿಸಿದಾಗ ಹೆಂಗ ಮಾಡಿಸಿದ್ರೋ, ಹಂಗ ಆಗಬೇಕು" ಎಂದು ಹಟ ಹಿಡಿದರು. ಕೆಂಪು ಬಟ್ಟೆ, ಬಂಗಾರದ ಅಕ್ಷರ, ಮೇಲೆ ಪೂಜ್ಯ ತಂದೆಯವರ ಹೆಸರು. ಪುಸ್ತಕದ ಹೆಸರು ಎಲ್ಲಿ ಹಾಕಲಿ ಎಂದು ಕೇಳಿದೆ. ಅದು ಒಳಗೆ ಇದ್ದೇ ಇದೆಯಲ್ಲ ಎಂದರು. ಗಿರಾಕಿ ಹೇಳಿದ ಮೇಲೆ ಮುಗಿಯಿತು.

ಸುದ್ದಿ ತಿಳಿದ ಹುಲಗೆಮ್ಮ ಬಸ್ಸು ಹತ್ತಿ ಓಡಿಬಂದಳು. ನನ್ನನ್ನು ಮಾತಾಡಿಸಲಿಲ್ಲ, ನೀರು ಕೇಳಲಿಲ್ಲ. ರಟ್ಟು ಹಚ್ಚದ ಒಂದು ಪುಸ್ತಕ ಎತ್ತಿಕೊಂಡು ಮೂಲೆಯಲ್ಲಿ ಕೂತುಬಿಟ್ಟಳು. ಅದು ಭೂಮಿ ಸುತ್ತುವ ಪುಸ್ತಕದ ಕಥೆ. ಮೊದಲ ಅಧ್ಯಾಯ ಮುಗಿಯುವ ಹೊತ್ತಿಗೆ ಅದನ್ನು ಕಸಿದುಕೊಂಡು ರಟ್ಟು ಅದುಮುವ ಪ್ರೆಸ್ಸಿಗೆ ಹಾಕಿ ತಿರುಪು ಬಿಗಿದೆ.

"ಲೇ ಗುಲ್ಫಶಾ, ಚಲೋ ಜಾಗಾದಾಗ ಬಂದಿದ್ನಲ್ಲೇ!" ಎಂದು ನನ್ನ ಬೆನ್ನಿಗೆ ಗುದ್ದಿದಳು.

"ಹತ್ತೂ ನಿನ್ನ ಕಪಾಟಿಗೇ ಬರ್ತಾವ. ಹೊಟ್ಟಿ ತುಂಬ ಓದು."

ಅವಳು ಊರಿಗೆ ಹೋಗಿ ಒಂದು ಕಪಾಟು ಖಾಲಿ ಮಾಡಿ, ಒರೆಸಿ, ಹಳೆಯ ಸೀರೆಯ ಜರಿಯಂಚು ಹಾಸಿದಳು. ಪುಸ್ತಕ ಬರುವ ದಿನ ಬೆಳಿಗ್ಗೆಯಿಂದ ಗ್ರಂಥಾಲಯದ ಬಾಗಿಲಲ್ಲಿ ನಿಂತಳು. ಗಿರಣಿಯ ಗಾಡಿ ಊರ ಹೆಬ್ಬಾಗಿಲಾದ ಅಗಸಿಗೆ ಬಂತು. ಪೆಟ್ಟಿಗೆ ತೆಗೆದವರು ಕೆಂಪು ಬಟ್ಟೆ ನೋಡಿದರು, ಬಂಗಾರದ ಅಕ್ಷರ ನೋಡಿದರು, ಕೊಟ್ರೇಶರ ತಂದೆಯ ಹೆಸರು ನೋಡಿದರು. ಆ ಮನೆತನದಿಂದ ಹಿಂದೆ ಬಂದದ್ದೆಲ್ಲ ಪುರಾಣವೇ. ಇದು ಮಾತ್ರ ಬೇರೆ ಇರಲು ಹೇಗೆ ಸಾಧ್ಯ? ಭಜನೆ ಮೇಳ ಬಂತು, ಪಲ್ಲಕ್ಕಿ ಬಂತು. ಹತ್ತೂ ಗ್ರಂಥಗಳಿಗೆ ಹೂವೇರಿತು. ಮೆರವಣಿಗೆ ಹುಲಗೆಮ್ಮನ ಮುಂದೆಯೇ ಹಾದು ನೇರವಾಗಿ ಈಶ್ವರನ ಗುಡಿಗೆ ಹೋಯಿತು. ಅವಳ ಕೈಯಲ್ಲಿ ಪುಸ್ತಕದ ಮೇಲೆ ಒತ್ತಬೇಕಾದ ಗ್ರಂಥಾಲಯದ ಮುದ್ರೆ ಹಾಗೇ ಇತ್ತು.

ಗುಡಿಯ ಹಿರಿಯ ಗಡಿಗೆಪ್ಪ. ಒಳ್ಳೆಯ ಒಕ್ಕಲುತನ, ಒಳ್ಳೆಯ ಕಂಠ. ಶ್ರಾವಣದಲ್ಲಿ ಪುರಾಣ ಓದುವವರು ಅವರೇ. ಹುಲಗೆಮ್ಮ ಗುಡಿಗೆ ಹೋಗಿ ಕಟ್ಟೆಯ ಕೆಳಗೆ ನಿಂತು ಕೇಳಿದಳು.

"ಯಪ್ಪಾ, ಅವು ಲೈಬ್ರರಿ ಪುಸ್ತಕ ಅದಾವರಿ. ಮಂದಿ ಓದಲಿ ಅಂತ ಕೊಟ್ಟಾರ."

"ಓದತೀವಲ್ಲವ್ವಾ, ಶ್ರಾವಣ ಬರಲಿ. ಅಲ್ಲೀತನಕ ಗ್ರಂಥಕ್ಕ ಸುಮ್ಮಸುಮ್ಮನ ಕೈ ಹಚ್ಚಬಾರದು."

ಬೈಯಲಿಲ್ಲ, ದಬಾಯಿಸಲಿಲ್ಲ. ಮೆತ್ತಗೆ ಹೇಳಿ ಒಳಗೆ ಹೋದರು. ಹುಲಗೆಮ್ಮ ಒಳಗೆ ಹೋಗುವಂತಿರಲಿಲ್ಲ. ದುರುಗೇಶನ ಓಣಿಯವರಿಗೆ ಆ ಗುಡಿ ಕಟ್ಟೆಯವರೆಗೆ ಮಾತ್ರ. ಒಳಗೆ ಬರಬೇಡ ಎಂದು ಈಗ ಯಾರೂ ಅನ್ನುವುದಿಲ್ಲ, ಬಾ ಎಂದೂ ಅನ್ನುವುದಿಲ್ಲ. ಜಗತ್ತನ್ನೇ ಬದಲಿಸಿದ ಹತ್ತು ಪುಸ್ತಕಗಳು ಅಂಥ ಜಾಗದಲ್ಲಿ, ರೇಷ್ಮೆ ವಸ್ತ್ರ ಸುತ್ತಿಕೊಂಡು ಕೂತಿದ್ದವು.

ಅವಳು ಕೊಟ್ರೇಶರಿಗೆ ಫೋನ್ ಮಾಡಿದಳು. "ಗುಡಿಯಾಗ ಇಟ್ಟಾರ? ಭಾಳ ಚಲೋ ಆತು ಬಿಡ್ರಿ" ಎಂದು ಅವರು ಖುಷಿಪಟ್ಟರು. ಆಮೇಲೆ ನನಗೆ ಫೋನ್ ಮಾಡಿ ಅತ್ತಳು. ಹುಲಗೆಮ್ಮ ಅಳುವ ಪೈಕಿ ಅಲ್ಲ. ನನಗೆ ಕೊಟ್ರೇಶರ ಮೇಲೆ, ಗಡಿಗೆಪ್ಪನ ಮೇಲೆ, ಆ ಬಂಗಾರದ ಅಕ್ಷರಗಳ ಮೇಲೆ ಒಟ್ಟಿಗೇ ಸಿಟ್ಟು ಬಂತು. ಅಪ್ಪನ ಮೇಲೂ ಕೂಗಾಡಿದೆ, ಅವರ ತಪ್ಪೇನೂ ಇರಲಿಲ್ಲ.

"ಪೊಲೀಸರಿಗಿ ಕೊಡೂಣೇನು?" ಎಂದೆ.

"ಪೂಜಿ ಮಾಡ್ಯಾರ ಅಂತ ಕಂಪ್ಲೇಂಟ್ ಕೊಡ್ಲೇನ ಬೇ?" ಎಂದಳು, ಅಳುವ ದನಿಯಲ್ಲೇ. ಇಬ್ಬರಿಗೂ ನಗು ಬಂತು. ಆದರೆ ಪುಸ್ತಕ ಬರಲಿಲ್ಲ.

ಶ್ರಾವಣ ಬಂತು. ಆ ಕಡೆ ಪುರಾಣ ಹಚ್ಚುವುದೆಂದರೆ ಸಣ್ಣ ಸಂಗತಿಯಲ್ಲ. ಹಚ್ಚಿದ ಪುರಾಣವನ್ನು ಅಮಾವಾಸ್ಯೆಯವರೆಗೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಊರಿಗೇ ಕೇಡು. ಒಬ್ಬರು ರಾಗವಾಗಿ ಓದುತ್ತಾರೆ, ಹಾರ್ಮೋನಿಯಂ ತಬಲ ಇರುತ್ತವೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಪ್ರತಿವರ್ಷ ಅರ್ಥ ಹೇಳಲು ಮಾನ್ವಿಯಿಂದ ಒಬ್ಬ ಶಾಸ್ತ್ರಿಗಳು ಬರುತ್ತಿದ್ದರು. ಮೊದಲ ದಿನ ಗಡಿಗೆಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಹತ್ತರಲ್ಲಿ ಒಂದು ಗ್ರಂಥ ಎತ್ತಿಕೊಂಡು ವಸ್ತ್ರ ಬಿಚ್ಚಿದರು. ಕಾಯಿ ಒಡೆದಾಯಿತು, ಮಂಗಳಾರತಿ ಆಯಿತು, ಅಂದರೆ ಪುರಾಣ ಹಚ್ಚಿದಂತಾಯಿತು. ಆಮೇಲೆ ಪುಟ ತೆರೆದರು.

ಅದು ಭೂಮಿ ಸುತ್ತುವ ಪುಸ್ತಕ.

ಗಡಿಗೆಪ್ಪ ಒಂದು ಪುಟ ಓದಿಕೊಂಡರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿಕೊಂಡರು. ಪಕ್ಕದಿಂದ ಇಣುಕಿದ ಶಾಸ್ತ್ರಿಗಳಿಗೆ ಎಲ್ಲಿಂದಲೋ ಕೆಮ್ಮು ಬಂತು. ಕೆಮ್ಮುತ್ತಲೇ ಎದ್ದು ಹೋದವರು ಕಡೆಯ ಬಸ್ಸು ಹಿಡಿದರಂತೆ. ಜನ ಕಾಯುತ್ತಿದ್ದರು. ಹಾರ್ಮೋನಿಯಂನವನು ಶ್ರುತಿ ಹಿಡಿದೇ ಇದ್ದ. ನಿಲ್ಲಿಸುವಂತಿಲ್ಲ. ಗಡಿಗೆಪ್ಪ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, ಭೂಮಿಯು ಸ್ಥಿರವಲ್ಲ, ಅದು ಸೂರ್ಯನನ್ನು ಸುತ್ತುತ್ತದೆ ಎಂಬ ವಾಕ್ಯವನ್ನು ಪುರಾಣದ ಧಾಟಿಯಲ್ಲೇ ಎತ್ತಿದರು. ತಬಲದವನು ಜಾಗ ನೋಡಿ ಪೆಟ್ಟು ಕೊಟ್ಟ. ಜನ ಕೈಮುಗಿದರು.

ಗಡಿಗೆಪ್ಪನ ಅಕ್ಕ ಶರಣಮ್ಮ ಮುಂದೆಯೇ ಕೂತಿದ್ದಳು. ಕಿವಿ ಮಂದ, ನಾಲಿಗೆ ಮಾತ್ರ ಭಾರೀ ಚುರುಕು.

"ತಮ್ಮಾ, ಏನಂತದು ಅರ್ಥ?"

"ಗ್ರಂಥದಾಗ ಇದ್ದದ್ದು ಹೇಳೀನಿ, ಅಕ್ಕಾ."

"ನೀ ಹಾಡಿದ್ದು ಚಲೋನ ಅದ. ಅರ್ಥ ಏನು?"

ಗಡಿಗೆಪ್ಪ ಮತ್ತೆ ಕನ್ನಡಕ ಒರೆಸತೊಡಗಿದರು. ಆಗ ಹೊರಗಿನ ಕಟ್ಟೆಯ ಕೆಳಗಿಂದ ಹುಲಗೆಮ್ಮನ ದನಿ ಬಂತು. ನಮ್ಮ ಅಂಗಡಿಯ ಮೂಲೆಯಲ್ಲಿ ಓದಿದ್ದ ಆ ಒಂದು ಅಧ್ಯಾಯ ಅವಳಿಗೆ ಬಾಯಿಗೆ ಬಂದಿತ್ತು.

"ಯವ್ವಾ, ಮಾನ್ವಿ ಬಸ್ಸಿನ್ಯಾಗ ಕುಂತಾಗ ಗಿಡಗಳು ಹಿಂದಕ್ಕ ಓಡಿದಂಗ ಕಾಣ್ತಾವಲ್ಲ? ಓಡೋವು ಗಿಡ ಅಲ್ಲ, ನಾವು. ಸೂರ್ಯ ಮೂಡತಾನ, ಮುಳಗತಾನ ಅಂತೀವಿ. ಓಡಾಡೋದು ಅವನಲ್ಲ, ನಾವು ಕುಂತ ಭೂಮಿ."

"ಏನಂದಿ? ಕೇಳವಲ್ದು. ಒಳಗ ಬಂದು ಹೇಳ ಬಾ."

ಹಾರ್ಮೋನಿಯಂ ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗಡಿಗೆಪ್ಪ ಗ್ರಂಥ ನೋಡಿದರು, ಅಕ್ಕನನ್ನು ನೋಡಿದರು, ಶಾಸ್ತ್ರಿಗಳ ಖಾಲಿ ಮಣೆ ನೋಡಿದರು. ನಿಲ್ಲಿಸಿದರೆ ಊರಿಗೆ ಕೇಡು ಎಂದು ಪ್ರತಿವರ್ಷ ಹೇಳುತ್ತಿದ್ದವರು ಅವರೇ.

"ಬಾ ಯವ್ವಾ" ಎಂದರು ಕೊನೆಗೆ. "ಅರ್ಥ ಹೇಳೋರು ಗ್ರಂಥದ ಮಗ್ಗಲಕ ಕುಂದರಬೇಕು. ಹಂಗ ಅದ ಪದ್ಧತಿ."

ಹೊಸ್ತಿಲು ದಾಟಿ ಶಾಸ್ತ್ರಿಗಳ ಮಣೆಯ ಮೇಲೇ ಕೂತೆ ಎಂದು ಹುಲಗೆಮ್ಮ ಮರುದಿನ ಫೋನಿನಲ್ಲಿ ಹೇಳಿದಳು. ಇಬ್ಬರು ಎದ್ದುಹೋದರಂತೆ. ಅವರಲ್ಲೊಬ್ಬ ಕೆಲವು ದಿನ ಬಿಟ್ಟು ವಾಪಸ್ ಬಂದು ಬಾಗಿಲ ಹತ್ತಿರ ಕೂತ. ಇನ್ನೊಬ್ಬ ಬರಲೇ ಇಲ್ಲ. ಅವನ ಬಗ್ಗೆ ನಾನೇನೂ ಹೇಳುವುದಿಲ್ಲ, ಬಾಯಿ ಹೊಲಸು ಮಾಡಿಕೊಳ್ಳಲು ಇಷ್ಟವಿಲ್ಲ.

ತಿಂಗಳೆಲ್ಲ ಪುರಾಣ ನಡೆಯಿತು. ಸುತ್ತಲ ಊರುಗಳಿಂದಲೂ ಜನ ಬರತೊಡಗಿದರು. ಭೂಮಿ ಸುತ್ತುತ್ತದೆ ಎಂಬ ಮೂಲ ಪುಸ್ತಕ ಬರೆದವನು ಅಂಜಿ ಅಂಜಿ ವರ್ಷಗಟ್ಟಲೆ ಅದನ್ನು ಹೊರಗೆ ತರಲಿಲ್ಲ, ಅಚ್ಚಾಗಿ ಕೈಗೆ ಬಂದಾಗ ಸಾಯಲು ಮಲಗಿದ್ದ ಎಂಬ ಜಾಗದಲ್ಲಿ ಶರಣಮ್ಮ ಸೆರಗು ಕಣ್ಣಿಗೊತ್ತಿಕೊಂಡಳು. ಆದರೆ ಹುಲಗೆಮ್ಮನ ಸಂಕಟ ತೀರಿರಲಿಲ್ಲ. ಅವಳು ಕೂರುವುದು ಪಕ್ಕದಲ್ಲಿ, ಪುಟ ತಿರುವುವುದು ಗಡಿಗೆಪ್ಪ. ಆ ದಿನದ ಪಾಠ ಮುಗಿಯಿತೆಂದರೆ ಗ್ರಂಥ ಮುಚ್ಚಿ ವಸ್ತ್ರ ಸುತ್ತಿಬಿಡುತ್ತಿದ್ದರು. ಮುಂದಿನ ಪುಟದಲ್ಲಿ ಏನಿದೆಯೆಂದು ಅವಳಿಗೂ ಗೊತ್ತಿಲ್ಲ.

"ಅದ್ಯಾಕ ಹಂಗಾತು?" ಎಂದು ಜನ ಕೇಳಿದರೆ, "ನನಗೂ ತಿಳಿದಿಲ್ಲರೀ. ಯಪ್ಪಾರು ಹಾಳಿ ಹೊಳ್ಳಸಲಿ, ನೋಡೂಣು" ಎನ್ನುತ್ತಿದ್ದಳು.

"ನಾಳಿ ಹೊಳ್ಳಸ್ತೀನಿ" ಎನ್ನುತ್ತಿದ್ದರು ಗಡಿಗೆಪ್ಪ.

ನನಗೆ ಫೋನಿನಲ್ಲಿ ಗೋಳು. "ಕೈಯಳತಿಯಾಗ ಅದ ಗುಲ್ಫಶಾ, ಮುಟ್ಟಾಕ ಆಗವಲ್ದು. ಒಂದೇ ಒಂದು ದಿನ ನನ್ನ ಕೈಯಾಗ ಕೊಟ್ಟರ ಕುಂತ ಜಾಗಾದಾಗ ಮುಗಸ್ತಿದ್ದೆ."

ಶ್ರಾವಣದ ಅಮಾವಾಸ್ಯೆಗೆ ಪುರಾಣಕ್ಕೆ ಮಂಗಳ, ಅಂದರೆ ಮುಕ್ತಾಯ. ಹುಲಗೆಮ್ಮ ಕರೆದಳು, ನಾನು ಹೋದೆ. ಅಂದಿನ ಭಾಗದಲ್ಲಿ ಇನ್ನೊಬ್ಬ ಬರುತ್ತಾನೆ. ಕೊಳವೆಯಲ್ಲಿ ಆಕಾಶ ನೋಡಿ, ಆ ಪುಸ್ತಕ ಹೇಳಿದ್ದು ಖರೆ ಎಂದವನು. ಮುದಿವಯಸ್ಸಿನಲ್ಲಿ ಅವನನ್ನು ನ್ಯಾಯ ಹೇಳುವವರ ಮುಂದೆ ಮೊಣಕಾಲ ಮೇಲೆ ಕೂರಿಸುತ್ತಾರೆ. ಅಷ್ಟು ಹಾಡುವ ಹೊತ್ತಿಗೆ ಅಮಾವಾಸ್ಯೆಯ ಮಂಗಳಾರತಿಯ ಹೊತ್ತಾಯಿತು. ಪುಸ್ತಕ ಮುಗಿದಿರಲಿಲ್ಲ, ಶ್ರಾವಣ ಮುಗಿಯಿತು. ಪಂಚಾಂಗದ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಗಡಿಗೆಪ್ಪ ಗ್ರಂಥ ಮುಚ್ಚಿ ಮಂಗಳ ಹಾಡಿದರು.

ಇನ್ನು ಗ್ರಂಥವನ್ನು ತಲೆಯ ಮೇಲೆ ಹೊತ್ತು ಮೆರವಣಿಗೆಯಲ್ಲಿ ಅದರ ಮನೆಗೆ ಮುಟ್ಟಿಸಬೇಕು. ಹೊರುವವರು ಓದಿದವರು, ಇಲ್ಲವೇ ಅರ್ಥ ಹೇಳಿದವರು. ಗಡಿಗೆಪ್ಪ ಕುತ್ತಿಗೆ ಹಿಡಿದುಕೊಂಡರು.

"ನನಗ ಕುತ್ತಿಗಿ ನೋವು. ಆಕಿ ಹೊರಲಿ."

"ಮುಟ್ಟಿಸೋದು ಎಲ್ಲಿಗಿ?" ಎಂದು ಯಾರೋ ಕೇಳಿದರು.

"ಕೊಟ್ಟವರು ಲೈಬ್ರರಿಗಂತ ಕೊಟ್ಟಾರ. ಹತ್ತೂ ಅಲ್ಲಿಗೇ ನಡೀಲಿ. ವರ್ಷಾ ಶ್ರಾವಣಕ್ಕ ಒಂದೊಂದು ತಂದು ಹಚ್ಚೂಣು."

ಎಷ್ಟೋ ವರ್ಷಗಳಿಂದ ಗ್ರಂಥ ಹೊತ್ತು ಬೀಗಿದ ಆ ಕುತ್ತಿಗೆಗೆ ಅವತ್ತೇ ನೋವು ಬಂದದ್ದನ್ನು ನಾನಂತೂ ನಂಬುವುದಿಲ್ಲ. ಹುಲಗೆಮ್ಮನ ತಲೆಗೆ ಬಟ್ಟೆಯ ಸಿಂಬಿ ಇಟ್ಟು ಅದರ ಮೇಲೆ ಗ್ರಂಥ ಇಟ್ಟರು. ಉಳಿದ ಒಂಬತ್ತು ಪಲ್ಲಕ್ಕಿ ಏರಿದವು. ಭಜನೆ ಹೊರಟಿತು. ಗ್ರಂಥ ಹೊತ್ತವರ ಕಾಲಿಗೆ ಮನೆಮನೆಯ ಹೆಂಗಸರು ನೀರು ಹಾಕಿ ನಮಸ್ಕರಿಸುವುದು ವಾಡಿಕೆ. ಕೆಲವು ಬಾಗಿಲುಗಳು ತೆರೆಯಲಿಲ್ಲ. ಗಡಿಗೆಪ್ಪನ ಮನೆ ಮುಂದೆ ಶರಣಮ್ಮ ತುಂಬಿದ ಕೊಡ ಹಿಡಿದು ನಿಂತಿದ್ದಳು. ಬಗ್ಗಲು ಆಗದೆ ಬಗ್ಗಿ, ಹುಲಗೆಮ್ಮನ ಎರಡೂ ಕಾಲಿಗೆ ನೀರು ಹಾಕಿ, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. ನಡುಬೀದಿಯಲ್ಲಿ ನಿಂತು ಅತ್ತೆ.

ಗ್ರಂಥಾಲಯ ಮುಟ್ಟಿ ಜನ ಚದುರಿದ ಮೇಲೆ ಕೇಳಿದೆ, "ಏನನಸ್ತಲೇ?"

"ನನ್ನ ಕಾಲಿಗಿ ಹಾಕಿಲ್ಲ ಬಿಡು, ಪುಸ್ತಕಕ್ಕ ಹಾಕ್ಯಾರ."

"ಪುಸ್ತಕಕ್ಕ ಹಾಕಿದ್ರ ನನ್ನ ಬೈಂಡಿಂಗ್ ಸತ್ಯಾನಾಶ ಆಗ್ತಿತ್ತು. ನಿನ್ನ ಕಾಲಿಗೇ ಹಾಕ್ಯಾರ. ಸುಮ್ಮನ ಒಪ್ಪಿಕೋ."

ಅವಳು ಕಾಲು ಒರೆಸಿಕೊಳ್ಳದೆ, ಫ್ಯಾನು ಹಾಕಿ, ಕುರ್ಚಿ ಎಳೆದುಕೊಂಡು ಕೂತಳು. ಕುಂಕುಮ ಮೆತ್ತಿದ ರಟ್ಟು ತೆರೆದು ಮುದ್ರೆ ಒತ್ತಿದಳು. ಆಮೇಲೆ ಆ ಮುದುಕ ಮೊಣಕಾಲ ಮೇಲೆ ಕೂತ ಪುಟ ಹುಡುಕಿ, ತಿರುವಿ, ಓದತೊಡಗಿದಳು. ನಾನು ಬಸ್ಸಿಗೆ ಕಾಯುತ್ತ ಉಳಿದ ಒಂಬತ್ತನ್ನು ಕಪಾಟಿನಲ್ಲಿ ಜೋಡಿಸಿದೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಗಡಿಗೆಪ್ಪ. ಚಪ್ಪಲಿ ಬಿಟ್ಟು ಗ್ರಂಥಾಲಯದ ಕಟ್ಟೆಯ ಕೆಳಗೇ ನಿಂತಿದ್ದರು. ಅವರು ಆ ಕೋಣೆಗೆ ಎಂದೂ ಬಂದವರಲ್ಲ.

"ಯವ್ವಾ, ಆ ಮುದುಕನ್ನ ಮೊಣಕಾಲ ಮ್ಯಾಲ ಕುಂದರಿಸಿ ಮಂಗಳ ಹಾಡಿಬಿಟ್ಟೆ. ಉಂಡದ್ದು ಇಳೀವಲ್ದು. ಮುಂದ ಏನಾತು ಅವಂದು? ಆ ಪುಸ್ತಕ ಮನಿಗಿ ಒಯ್ಯಾಕ ಕೊಡತೀರೇನು?"

ನಾನು ಹುಲಗೆಮ್ಮನ ಮುಖ ನೋಡಿದೆ. ಪುಸ್ತಕ ಕೊಡಿ ಎಂದು ಬಾಯಿಬಿಟ್ಟು ಕೇಳುವ ಒಬ್ಬ ಮನುಷ್ಯನಿಗಾಗಿ ಅವಳು ಎಷ್ಟು ಕಾದಿದ್ದಳು ಎಂದು ನನಗೆ ಗೊತ್ತು. ಅವಳು ಪುಟದ ಮೇಲಿನ ಬೆರಳು ತೆಗೆಯಲಿಲ್ಲ.

"ಇಲ್ಲರೀ ಯಪ್ಪಾ. ನಾ ಓದಾಕತ್ತೀನಿ. ಮೊದಲ ನಂದು ಮುಗೀಲಿ."

ಗಡಿಗೆಪ್ಪ ತಲೆಯಾಡಿಸಿ ಕಟ್ಟೆಯ ಮೇಲೆ ಕೂರಲು ಹೋದರು. ಹುಲಗೆಮ್ಮ ಆಗ ತಲೆಯೆತ್ತಿದಳು.

"ಅಲ್ಲಿ ಯಾಕ ಕುಂದರತೀರಿ? ಒಳಗ ಬರ್ರಿ. ಇಲ್ಲಿ ಕಾಯೋರಿಗೂ ಫ್ಯಾನ್ ಅದ."